ಮುಖ ಪಕ್ಕಕ್ಕೆ

ಪೀಣ್ಯ ಎರಡನೇ ಹಂತ. ಕಂಪ್ರೆಸರ್ ಇನ್ನೂ ಆಕಳಿಸುತ್ತಿತ್ತು.
ದಸ್ತಗೀರ್ ಸಾಬರು ಹೆಬ್ಬೆರಳಲ್ಲಿ ಗ್ರೀಸು ಒರೆಸಿ
ರೆಗ್ಯುಲೇಟರಿನ ಮೈಮೇಲಿನ ಬಾಣ ತೋರಿಸಿದರು:
"ಗಾಳಿ ಹೋಗೋ ದಿಕ್ಕು. ನಮ್ಮಿಷ್ಟ ಅಲ್ಲ."

ಮೊದಲ ಎರಡು ಎಳೆ ಬಿಟ್ಟು ಟೇಪು ಸುತ್ತಿದೆ.
ಸ್ಕ್ರೂ ಪೂರ್ತಿ ಸಡಿಲ, ಸ್ಪ್ರಿಂಗು ಬೆರಳಿಗೇ ಸಿಗದಷ್ಟು.
"ಈಗ ವಾಲ್ವು. ನಿಧಾನ. ಮುಖ ಪಕ್ಕಕ್ಕೆ."
ಅವರಿಗೆ ಎಡಹುಬ್ಬಿಲ್ಲ. ಕೇಳಿಲ್ಲ ನಾನು.

ಸ್ಕ್ರೂ ತಿರುಗಿಸಿದಂತೆ ಮುಳ್ಳು ಎದ್ದಿತು. ನಾಲ್ಕು, ಐದು,
ಅವಸರದ ಕೈ, ಆರು ದಾಟಿತು.
ತುಸು ಹಿಂದಕ್ಕೆ ತಿರುಗಿಸಹೊರಟೆ. ಮಣಿಕಟ್ಟು ಹಿಡಿದರು.
"ಹಂಗಲ್ಲ ಸುಗುಣಾ. ಗಾಳಿ ಬಿಡು, ನಾಲ್ಕಕ್ಕಿಳಿ, ಮತ್ತೆ ಏರು.
ಮೇಲಿಂದ ಇಳಿದು ನಿಂತ ಮುಳ್ಳು ನಂಬಬಾರದು."

ಸಾಬೂನು ನೀರಿಗೆ ಗುಳ್ಳೆ ಏಳಲಿಲ್ಲ.
ಲಾಕ್‌ನಟ್ಟು ಬಿಗಿದು ಟೀಗೆ ಹೊರಟರು.

ನಾನಿನ್ನೂ ನಿಂತೇ ಇದ್ದೆ, ಮುಖ ಪಕ್ಕಕ್ಕೆ.