ಮೂರಕ್ಕೊಂದು ಕೊಸರು

ಔಲು, ಫೆಬ್ರವರಿ ೧೯೮೯

ರಿಸ್ತೆನ್, ಮೊದಲ ಸಲ ಕಳಿಸಿದ್ದು ನಿನಗೆ
ಸೊನ್ನೆ ಬೈಟಾಗಿ ಬಂತೆಂದು ಬರೆದೆಯಲ್ಲ,
ತಪ್ಪು ನನ್ನದೇ.
ಈ ಪುಟ್ಟ ಮ್ಯಾಕಿನಲ್ಲಿ ಫೈಲಿಗೆ ಎರಡು ಕವಲು;
ಅಕ್ಷರದ ಅಚ್ಚೆಲ್ಲ ಎರಡನೆಯದರಲ್ಲಿ ಕೂತಿತ್ತು,
ನಾನು ಬುತ್ತಿ ಮನೆಯಲ್ಲೇ ಮರೆತು
ಬರೀ ಬಟ್ಟೆಯನ್ನು ಗಂಟು ಹಾಕಿದೆ.

ಎರಡನ್ನೂ ಹೊಸೆದು ಒಂದೇ ಹುರಿ ಮಾಡಬಹುದು, ಮ್ಯಾಕ್‌ಬೈನರಿ.
ಬಿಗಿ, ಹಗುರ. ಫ್ಲಾಪಿಯಲ್ಲಿ ಕೊಡುವುದಾದರೆ ಅಷ್ಟೇ ಸಾಕಿತ್ತು.
ನಡುದಾರಿಯ ಯಂತ್ರಗಳಿಗೆ ಏಳೇ ಬಿಟ್ಟು ಗೊತ್ತು.
ಎಂಟನೆಯದನ್ನು ಕಿತ್ತುಕೊಂಡೇ ಮುಂದೆ ಬಿಡುತ್ತವೆ;
ಸುಂಕದವರ ಮುಂದೆ ಸುಖದುಃಖ ಹೇಳಿ ಫಲವೇನು?
ನನ್ನ ಹೆಸರನ್ನೇ ನೋಡು, ವ್ಯಾಯ್ಸ್ಯಾನೆನ್.
ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಅಕ್ಷರ ಎರಡು ಕಡೆ;
ಅವರ ಪರದೆಯಲ್ಲಿ ಎರಡು ಕಡೆಯೂ ಸುರುಳಿ ಕಂಸ.
ಈಗೀಗ ಕಂಸ ಕಂಡರೆ ನಾಲಿಗೆ ತಾನೇ ತಿದ್ದಿಕೊಳ್ಳುತ್ತದೆ.

ಯೂಯೆನ್‌ಕೋಡ್ ಹಾಕು ಎಂದ ಕಲೆರ್ವೊ, ಯುನಿಕ್ಸ್ ಕೋಣೆಯವನು.
ಅದರಲ್ಲಿ ಖಾಲಿ ಜಾಗವೂ ಒಂದು ಅಕ್ಷರ.
ಸಾಲಿನ ಕೊನೆಯ ಖಾಲಿಯನ್ನು ಯಾವುದೋ ಯಂತ್ರ
ಕಸವೆಂದು ಗುಡಿಸಿದರೆ ಮುಗಿಯಿತು;
ಉತ್ಸ್‌ಯೊಕಿಯಲ್ಲಿ ಗಂಟು ಬಿಡಿಸಿಕೊಡಲು ಕಲೆರ್ವೊ ಇಲ್ಲ.

ಹಾಗಾಗಿ ಬಿನ್‌ಹೆಕ್ಸ್.
ಮೂರು ಬೈಟಿಗೆ ನಾಲ್ಕು ಅಕ್ಷರ, ಮೂರಕ್ಕೊಂದು ಕೊಸರು.
ಫೋನಿನ ಬಿಲ್ಲು ನೋಡಿ ಗೊಣಗುವವರು ಗೊಣಗಲಿ.

ನಗಬೇಕೋ ಏನೋ ತಿಳಿಯುತ್ತಿಲ್ಲ ನನಗೆ:
ನಿನ್ನ ಶಾಲೆಯ ಸಾಮಿ ಮಕ್ಕಳಿಗೆಂದು
ಚುಕ್ಕೆ ಚುಕ್ಕೆ ತುಂಬಿ ನಾನು ಬಿಡಿಸಿದ
ಬಾಲದ ನ, ಅಡ್ಡಗೆರೆಯ ದ, ಟೋಪಿಯ ಚ
ನಿನ್ನ ಮನೆ ಮುಟ್ಟಬೇಕಾದರೆ
ಇಂಗ್ಲಿಷು ಅಕ್ಷರದ ಕೋಟು ತೊಟ್ಟೇ ದಾರಿ ನಡೆಯಬೇಕು.

ಮೂರು ತುಂಡಾಗಿ ಬರುತ್ತದೆ.
ಕೊನೆಯದೇ ಮೊದಲು ಬಂದರೆ ಗಾಬರಿಯಾಗಬೇಡ.
ಮೇಲಿನ ವಿಳಾಸ ಕತ್ತರಿಸು, ಒಂದರ ಬೆನ್ನಿಗೆ ಒಂದು ಅಂಟಿಸು.
ಶುರುವಿನಲ್ಲೊಂದು ಕೋಲನ್, ತುದಿಯಲ್ಲೊಂದು,
ಅವೆರಡನ್ನು ಮಾತ್ರ ಮುಟ್ಟಬೇಡ.

*

ಏಪ್ರಿಲ್ ಕೊನೆಗೆ ಅಂಚೆಯಲ್ಲಿ ಒಂದು ಹಾಳೆ.
ಅಂಚಿನ ತೂತುಪಟ್ಟಿ ಹರಿದಿಲ್ಲ, ರಿಬ್ಬನ್ ಮಾಸಿದೆ.
ಒಂದೇ ಪದ, ಒಂಬತ್ತು ಸಾಲು, ಮಕ್ಕಳು ಸರದಿಯಲ್ಲಿ ಒತ್ತಿದ್ದು:
ಗಿದ್ದ.
ವಸಂತವಂತೆ. ಇಲ್ಲಿ ಹಿಮ ಇನ್ನೂ ಕಿಟಕಿಯ ಎತ್ತರ.
ಬೆರಳಿಟ್ಟು ನೋಡಿದೆ, ಎಲ್ಲ ದಗಳ ಮೇಲೂ
ಅಡ್ಡಗೆರೆ ನೆಟ್ಟಗೆ ಕೂತಿದೆ.
ಆರನೆಯ ಮಗು ಮಾತ್ರ ಒಂದು ದ ಹೆಚ್ಚು ಒತ್ತಿದೆ.
ಇರಲಿ.