ಸರ್ವಾನುಮತ

ಏಪ್ರಿಲ್ಲಿನ ಮೂರೂವರೆ. ಕಲಬುರಗಿಯ ಬಿಸಿಲು
ಶಹಾಬಾದ್ ಕಲ್ಲಿನ ಮೆಟ್ಟಿಲು ಹತ್ತಿ
ಸಭಾಂಗಣದ ಬಾಗಿಲಿಗೆ ಬಂದು ನಿಂತಿತ್ತು,
ನೋಟೀಸು ಮುಟ್ಟದ ಸದಸ್ಯನ ಹಾಗೆ.

ಕೋರಮ್ಮಿಗೆ ಇಬ್ಬರು ಕಮ್ಮಿ. ಜವಾನ ಮಸ್ತಾನ್ ಓಡಿಹೋಗಿ
ಓಪಿಡಿಯಿಂದ ಮೂಳೆ ಡಾಕ್ಟರನ್ನು,
ಹೆರಿಗೆ ವಾರ್ಡಿನಿಂದ ಸುಗಲಾ ಮೇಡಮ್ಮನ್ನು ಕರೆತಂದ.
ಅವರ ಮುಂಗೈಗೆ ಗ್ಲೌಸಿನ ಪುಡಿ ಇನ್ನೂ ಅಂಟಿತ್ತು.

ವಿಷಯ ಏಳು: ಅಧ್ಯಾಪಕರ ಸರದಿ ರದ್ದು.
ಇನ್ನು ಮುಂದೆ ವಿಭಾಗದ ಮುಖ್ಯಸ್ಥರನ್ನು
ಆಡಳಿತ ಮಂಡಳಿಯೇ ನೇಮಿಸತಕ್ಕದ್ದು.
ಚಹಾ ಬಂತು. ಖಾರಾ ಬಂತು. ಕೈಗಳು ಎದ್ದವು,
ಕೆಲವು ಬಿಸ್ಕೀಟು ಹಿಡಿದೇ.

ಪರವಾಗಿ? ಇಪ್ಪತ್ತೆರಡು.
ವಿರೋಧ?
ಪುಡಿ ಹತ್ತಿದ ಆ ಕೈ.

ಡೀನ್ ನನ್ನ ಕಡೆ ಬಾಗಿದರು:
"ಸರ್ವಾನುಮತ ಅಂತ ಬರಕೊಳ್ರಿ.
ಒಂದೇ ಕೈ ಅದ, ಬಿಡ್ರಿ."

ನಾನು ಪೆಥಾಲಜಿಯವನು. ಇಪ್ಪತ್ತು ವರ್ಷ
ಗಾಜಿನ ಮೇಲೆ ಬಗ್ಗಿ ಒಂದನ್ನೇ ಹುಡುಕಿದವನು.
ಸಾವಿರ ಜೀವಕೋಶ ಸುಮ್ಮನೆ ಸಾಲಲ್ಲಿ ಕೂತಿರುತ್ತವೆ;
ವರದಿ ಬರೆಸುವುದು ಆ ಒಂದು.

ಹೋಲಿಕೆ ಸರಿಯಿಲ್ಲ, ಗೊತ್ತು.
ಅಲ್ಲಿ ಆ ಒಂದು ರೋಗ.
ಇಲ್ಲಿ ಯಾವುದೆಂದು ನನ್ನನ್ನು ಕೇಳಬೇಡಿ,
ಇಪ್ಪತ್ತೆರಡರಲ್ಲಿ ನನ್ನ ಕೈಯೂ ಇತ್ತು.

ರಾತ್ರಿ ಲ್ಯಾಬಿನಲ್ಲಿ ನಡಾವಳಿ ಪುಸ್ತಕ ತೆಗೆದೆ.
'ಸರ್ವಾನು' ತನಕ ಬರೆದಿದ್ದೆ.
ಶಾಯಿ ಒಣಗಿ ಹೊಳಪು ಹೋಗಿತ್ತು.
ಮೇಲಿನ ಮಹಡಿಯಲ್ಲಿ ಒಂದು ಕೂಸು ಅತ್ತಿತು.
ಸುಗಲಾ ಮೇಡಮ್ಮಿನದೇ ಡ್ಯೂಟಿ ಇರಬೇಕು.
ಹುಟ್ಟಿದ ಹೊತ್ತನ್ನು ಆಗಲೇ ಬರೆದಿರುತ್ತಾರೆ,
ನಿಮಿಷದ ಸಮೇತ.