ನವೆಂಬರ್ ಮೂವತ್ತೊಂದು

ಆಯಿಲ್ ಮುಚ್ಚಳ ತಿರುವಿ ತೆಗೆದಳು ಬಾಕುಲಿ.
ಅಡಿಯಲ್ಲಿ ಬೆಣ್ಣೆ ಕಟ್ಟಿತ್ತು:
ಎಣ್ಣೆಗೆ ನೀರು ಬೆರೆತು ಕಡೆದ ಬೆಣ್ಣೆ,
ನಾಯಿಯೂ ಮೂಸದ್ದು.
‘ಹೆಡ್ಡು ಬಿಚ್ಚಬೇಕು ರಜೋನ, ಗ್ಯಾಸ್ಕೆಟ್ ಹೋಗಿದೆ.’

ಅಂತಾನಾನಾರಿವೋದ ಏರುಗಲ್ಲಿಯಲ್ಲಿ
ಇಟ್ಟಿಗೆಗೋಡೆಗೆ ಮೂತಿ ಆನಿಸಿ
ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ ಟ್ಯಾಕ್ಸಿ,
ಕೆನೆಬಣ್ಣದ ರೆನೋ,
ರಜೋನನಿಗಿಂತ ಮೂರೇ ವರ್ಷ ಚಿಕ್ಕದು.
ಅವನೋ ಲೆಕ್ಕದ ಮನುಷ್ಯ.
ಇಳಿಜಾರು ಬಂದರೆ ಎಂಜಿನ್ ಆರಿಸುತ್ತಾನೆ,
ಸೀಟಿನ ಪಕ್ಕದ ಬಾಟಲಿಯಲ್ಲಿ ತುಳುಕುವ ಪೆಟ್ರೋಲನ್ನು
ಕಣ್ಣಂಚಿನಲ್ಲೇ ಅಳೆಯುತ್ತಾನೆ.
‘ಎಷ್ಟು ದಿನ?’
‘ಎರಡು.’
‘ಎರಡು ದಿನದ ದುಡಿಮೆ’ ಎಂದು ಕಲ್ಲಿನ ಮೇಲೆ ಕೂತ.

ಬೋಲ್ಟುಗಳು, ಹೊರಗಿನಿಂದ ಒಳಕ್ಕೆ, ಕಾಲು ಕಾಲು ಸುತ್ತು.
ಹಳೆಯ ಗ್ಯಾಸ್ಕೆಟ್ ಎದ್ದು ಬಂತು
ಕಾವಲಿಗೆ ಹತ್ತಿದ ರೊಟ್ಟಿಯ ಹಾಗೆ, ಚೂರು ಚೂರು.
ನೀರಿನ ತೂತಿಗೂ ಎಣ್ಣೆಯ ತೂತಿಗೂ ನಡುವೆ
ಕೂದಲೆಳೆಯಷ್ಟು ಕಪ್ಪು ದಾರಿ.
ಅಷ್ಟು ಸಾಕು
ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಲು.

ಇಸೋತ್ರಿ ಸಂತೆಗೆ ಹೊರಡುವ ಮುನ್ನ
ಹುಡುಗ ತಾಹಿನನಿಗೆ ಹೇಳಿದಳು:
‘ಕೆರೆ, ಒರೆಸು. ಹ್ಯಾಂಡಲ್ ಮಾತ್ರ ಮುಟ್ಟಬೇಡ.’
ಮುಟ್ಟಬೇಡ ಅಂದಳಲ್ಲ.

ಬಂದಾಗ ಪಿಸ್ಟನ್ನುಗಳು ಜಾಗ ಬದಲಿಸಿದ್ದವು.
ನಾಲ್ಕರಲ್ಲಿ ಮೂರು ಲೈನರು ಮೇಲೆದ್ದಿದ್ದವು,
ಅಲುಗುವ ಹಾಲುಹಲ್ಲಿನಂತೆ.
ಇಷ್ಟು ವರ್ಷ ಅವುಗಳ ಬುಡದಲ್ಲಿ ಕೂತು
ನೀರನ್ನು ತಡೆದಿದ್ದ ಕಾಗದದ ಉಂಗುರ
ಹರಿದಿತ್ತು.
‘ಹೇಗೆ ಏಳುತ್ತೆ, ಹೇಗೆ ಇಳಿಯುತ್ತೆ ನೋಡಬೇಕಿತ್ತು.’
ತಾಹಿನನ ಕೈ ಬೆನ್ನ ಹಿಂದೆ.

ಬಾಕುಲಿ ತನ್ನ ಎಡಹುಬ್ಬು ಮುಟ್ಟಿಕೊಂಡಳು.
ಅಲ್ಲೊಂದು ಕೂದಲು ಬೆಳೆಯದ ಗೆರೆ:
ಹದಿನಾಲ್ಕರ ವಯಸ್ಸು, ಇಂಥದೇ ಎಂಜಿನ್ನು, ಇದೇ ಆಸೆ,
ಮೇಸ್ತ್ರಿ ಬೀಸಿ ಎಸೆದ ಹತ್ತನೇ ನಂಬರಿನ ಸ್ಪ್ಯಾನರು.
ಅದೇ ಸ್ಪ್ಯಾನರನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದು
ಅವನ ಕೈಗಿಟ್ಟಳು.
‘ತಳದ ತಟ್ಟೆ ಬಿಚ್ಚು. ಈಗ ಎಲ್ಲ ಹೊರಗೆ ಬರಬೇಕು.’

ಉಂಗುರ ಸಂತೆಯಲ್ಲಿರಲಿಲ್ಲ.
ಕಾಗದ ಬೇಕು, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲು,
ಮೇಲೊಂದು ಚೂರು.
ಕ್ಯಾಲೆಂಡರು ತೆಳು. ಬಿಸ್ಕತ್ತಿನ ಡಬ್ಬಿ ದಪ್ಪ.
ರಜೋನ ಏನೂ ಹೇಳದೆ ಎದ್ದುಹೋದ.
ಮರಳಿದಾಗ ಕಂಕುಳಲ್ಲಿ ಒಂದು ಕಟ್ಟು:
ಮಗಳು ಫಾರಾಳ ಮದುವೆಯ ಕರೆಯೋಲೆ, ಇನ್ನೂರು,
ಹನ್ನೆರಡು ವರ್ಷದಿಂದ ಮಂಚದಡಿ.
ಅಚ್ಚಿನವನು ಹಾಕಿದ ದಿನ,
ನವೆಂಬರ್ ಮೂವತ್ತೊಂದು.
‘ಇಲ್ಲದ ದಿನಕ್ಕೆ ಯಾರನ್ನು ಕರೆಯಲಿ?
ಮನೆಮನೆಗೆ ಹೋಗಿ ಬಾಯಲ್ಲೇ ಹೇಳಿದೆ.
ಬಂದರು. ಅನ್ನ ಸಾಲಲಿಲ್ಲ.
ಆದರೂ ದುಡ್ಡು ಕೊಟ್ಟ ಕಾಗದ, ಎಸೆಯುವುದು ಹೇಗೆ?’

ಮೈಕ್ರೋಮೀಟರಿನಲ್ಲಿ ಕಚ್ಚಿಸಿ ನೋಡಿದಳು ಬಾಕುಲಿ.
ಎರಡು ಸಲ ನೋಡಿದಳು.
ಲೈನರಿನ ಅಂಚಿಗೆ ಒತ್ತಿಹಿಡಿದು
ಸುತ್ತಿಗೆಯ ದುಂಡು ಬೆನ್ನಿನಿಂದ ಟಕಟಕ ತಟ್ಟಿದರೆ
ಕಾಗದ ತಾನೇ ಕತ್ತರಿಸಿಕೊಳ್ಳುತ್ತದೆ.
ಒಂದು ಉಂಗುರದಲ್ಲಿ ವರನ ಅರ್ಧ ಹೆಸರು,
ಇನ್ನೊಂದರಲ್ಲಿ ಪಾರಿವಾಳದ ಬಾಲ,
ಮೂರನೆಯದು ಬರೀ ಬಿಳಿ,
ನಾಲ್ಕನೆಯದರಲ್ಲಿ ಆ ದಿನ, ಇಡಿಯಾಗಿ.
ಎಣ್ಣೆಯಲ್ಲದ್ದಿ
ಕತ್ತಲೆಯ ತಳಕ್ಕೆ ಕೂರಿಸಿದರು.

ಎರಡಲ್ಲ, ನಾಲ್ಕು ದಿನ ಹಿಡಿಯಿತು.
ಐದನೆಯ ಬೆಳಗ್ಗೆ ಮೂವರೂ ಮಂಡಿಯೂರಿ
ರಾತ್ರಿ ಕಾರಿನಡಿ ಹಾಸಿದ ರಟ್ಟನ್ನು ಎಳೆದರು.
ಒಂದು ತೊಟ್ಟು.
ತಾಹಿನ ಬಿಳಿಚಿಕೊಂಡ.
ಬಾಕುಲಿ ಬೆರಳಿಗೆ ಹಚ್ಚಿ ಮೂಸಿ
‘ಗೇರ್‌ಬಾಕ್ಸಿನದು. ಹಳೇ ಸಾಲ, ಇರಲಿ’ ಅಂದಳು.

ರಜೋನ ಏರು ಹತ್ತಿಸಿದ.
ಬಾನೆಟ್ಟಿನ ಸಂದಿಯಿಂದ ಹಬೆ ಏಳಲಿಲ್ಲ.
ನೆತ್ತಿಯಲ್ಲಿ, ರಸ್ತೆ ಇಳಿಯತೊಡಗುವಲ್ಲಿ,
ಕೈ ರೂಢಿಯಂತೆ ಕೀಲಿಗೆ ಹೋಯಿತು,
ಹೋಗಿ ಅಲ್ಲೇ ಸ್ವಲ್ಪ ಹೊತ್ತು ಇತ್ತು.
ಆರಿಸಲಿಲ್ಲ.
ಕೆಳಗೆ ಅನೋಸಿ ಕೆರೆಯವರೆಗೂ
ಪೆಟ್ರೋಲು ಸುಡುತ್ತ
ಕೇಳಿಸಿಕೊಳ್ಳುತ್ತ ಹೋದ.